ಗಜನಿಯ ಒಡೆದ ಕಟ್ಟೆಯನ್ನು ಮತ್ತೆ ಕಟ್ಟಿದ ಬಗೆ

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯು ಕಡಲನ್ನು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಆ ಅಳಿವೆಯ ಅಂಚಿನಲ್ಲಿ ಏಳು ಮನೆಗಳಿಗೆ ಸೇರಿದ 11 ಎಕರೆ ಗಜನಿ, ಅಂದರೆ ಉಪ್ಪುನೀರು ಬಂದುಹೋಗುವ ಕಟ್ಟೆಯೊಳಗಿನ ಗದ್ದೆ, ಇದೆ; ಅವುಗಳಲ್ಲಿ ನಾಲ್ಕು ಹಾಲಕ್ಕಿ ಒಕ್ಕಲಿಗರ ಮನೆಗಳು, ಒಂದು ನಮ್ಮದು. ಈ ಗಜನಿಯ ಹೊರಗಟ್ಟೆಯಲ್ಲಿ ಬಿದ್ದ 14 ಮೀಟರ್ ಅಗಲದ ಕಂಡಿಯನ್ನು ಮುಚ್ಚಲು ನಮಗೆ ಎರಡು ಬೇಸಿಗೆಗಳು ಬೇಕಾದವು. ಮೊದಲನೆಯ ಬೇಸಿಗೆಯ ಕೆಲಸ ಪೂರ್ತಿ ಹಾಳಾಯಿತು, ಎರಡನೆಯದು ನಿಂತಿದೆ. ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ, ಏಕೆಂದರೆ ಕುಮಟಾದಿಂದ ಕಾರವಾರದವರೆಗೆ ಇಂಥ ಕಂಡಿ ಬಿದ್ದ ಗಜನಿಗಳು ಇನ್ನೂ ಅನೇಕ ಇವೆ.

ಗಜನಿಯನ್ನು ಕಾಣದವರಿಗಾಗಿ ಒಂದೆರಡು ಮಾತು. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟೆ ಇಲ್ಲ. ಹಾಗಾಗಿ ಮಳೆಗಾಲದ ಸಿಹಿನೀರು ಪೂರ್ತಿಯಾಗಿ ಅಳಿವೆಗೆ ಇಳಿದು ಉಪ್ಪನ್ನು ಹೊರದಬ್ಬುತ್ತದೆ, ಬೇಸಿಗೆಯಲ್ಲಿ ಕಡಲು ಮತ್ತೆ ಒಳಬರುತ್ತದೆ. ಈ ಎರಡು ನೀರುಗಳ ಸರದಿಯನ್ನು ನಂಬಿಯೇ ಗಜನಿಯ ಬೇಸಾಯ ಬೆಳೆದಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಉಪ್ಪನ್ನು ತಾಳುವ ಕಗ್ಗ ಎಂಬ ಭತ್ತ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ದಂಟನ್ನು ನೀರಿನಲ್ಲಿಯೇ ಕೊಳೆಯಲು ಬಿಟ್ಟರೆ, ಅದೇ ಆಹಾರವಾಗಿ ಡಿಸೆಂಬರಿನಿಂದ ಮೇ ವರೆಗೆ ಭರತದ ನೀರಿನ ಜೊತೆ ಬಂದ ಸಿಗಡಿ, ಏಡಿ, ಮೀನುಗಳು ಒಳಗೆ ಬೆಳೆಯುತ್ತವೆ. ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ನೀರು ಬರುವುದಕ್ಕೂ ಹೋಗುವುದಕ್ಕೂ ಕಟ್ಟೆಯಲ್ಲಿರುವ ದಾರಿ ಒಂದೇ, ಅದು ಹಲಗೆಗಳನ್ನು ಇಳಿಸಿ ಏರಿಸುವ ಜಂತ್ರಡಿ.

ನಮ್ಮ ಗಜನಿ ಕೆಟ್ಟದ್ದು ಒಂದು ದಿನದಲ್ಲಿ ಅಲ್ಲ. ಎಪ್ಪತ್ತರ ದಶಕದ ಖಾರ್‌ಲ್ಯಾಂಡ್ (ಉಪ್ಪುನೀರಿನ ಭೂಮಿಗೆ ಕಟ್ಟೆ ಕಟ್ಟುವ ಸರ್ಕಾರಿ) ಯೋಜನೆಯಲ್ಲಿ ಈ ಭಾಗದ ಮಣ್ಣಿನ ಕಟ್ಟೆಗಳು ಕಾಯಂ ಕಟ್ಟೆಗಳಾದ ಮೇಲೆ, ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಮಣ್ಣು ಹಾಕುವ ರೂಢಿ ನಿಧಾನವಾಗಿ ತಪ್ಪಿತು. ತೊಂಬತ್ತರ ದಶಕದಲ್ಲಿ ಸಿಗಡಿಯ ಬೆಲೆ ಏರಿದಾಗ ಗಜನಿಯನ್ನು ಗುತ್ತಿಗೆಗೆ ಕೊಟ್ಟೆವು. ಗುತ್ತಿಗೆದಾರರಿಗೆ ವರ್ಷವಿಡೀ ಉಪ್ಪುನೀರು ಬೇಕಿತ್ತು, ಆದ್ದರಿಂದ ಕಗ್ಗ ನಿಂತಿತು, ಬೀಜವೂ ಮನೆಯಿಂದ ಹೋಯಿತು. 1994–95ರಲ್ಲಿ ಬಿಳಿಚುಕ್ಕೆ ರೋಗವು ದೇಶದ ಕರಾವಳಿಯ ಸಿಗಡಿ ಕೊಳಗಳನ್ನೆಲ್ಲ ಹೊಡೆಯಿತು. ನಂತರ ಗುತ್ತಿಗೆಗೆ ಬರುವವರು ಕಡಿಮೆಯಾದರು, ಕಟ್ಟೆಯನ್ನು ನೋಡುವವರೂ ಇಲ್ಲವಾದರು. ಕಟ್ಟೆಯ ಹೊರಗಿನ ಕಾಂಡ್ಲ (ಮ್ಯಾಂಗ್ರೋವ್) ಮರಗಳು ಯಾವಾಗಲೋ ಕಡಿದುಹೋಗಿದ್ದವು. ಅಲೆಗೂ ಕಟ್ಟೆಗೂ ನಡುವೆ ಏನೂ ಉಳಿಯದ ಸ್ಥಿತಿಯಲ್ಲಿ ಒಂದು ಮಳೆಗಾಲದ ಅಮಾವಾಸ್ಯೆಯ ರಾತ್ರಿ ಕಂಡಿ ಬಿತ್ತು.

ಮೊದಲ ಬೇಸಿಗೆ

ಮೇ ತಿಂಗಳು ಮುಗಿಯುತ್ತಾ ಬಂದಿತ್ತು, ಮಳೆ ಹತ್ತಿರವಿತ್ತು. ಯಂತ್ರದ ಕೆಲಸ ಮಾಡಿಸುವವರೊಬ್ಬರು ಮೂರು ದಿನಗಳಲ್ಲಿ ಮುಗಿಸಿಕೊಡುವುದಾಗಿ ಹೇಳಿದರು, ನಾವೂ ಒಪ್ಪಿದೆವು. ನಮ್ಮ ಮನೆಯ ಹಿಂದಿನ ಗುಡ್ಡದ ಮಗ್ಗುಲನ್ನು ಜೆಸಿಬಿಯಿಂದ ಕಡಿದು, ಇಪ್ಪತ್ತಕ್ಕೂ ಹೆಚ್ಚು ಟಿಪ್ಪರ್ ಕೆಂಪು ಮಣ್ಣನ್ನು ತಂದು ಕಂಡಿಯಲ್ಲಿ ಸುರಿಸಿದೆವು. ಮೂರನೆಯ ದಿನದ ಸಂಜೆಗೆ ಕಟ್ಟೆ ನೋಡಲು ಭರ್ಜರಿಯಾಗಿಯೇ ಇತ್ತು.

ಒಂದು ವಾರದೊಳಗೆ ಅದು ಮೊಳದಷ್ಟು ಕುಸಿಯಿತು. ಅಡಿಯಲ್ಲಿದ್ದ ಮೆತ್ತನೆಯ ಕೆಸರು ಆ ಭಾರವನ್ನು ತಾಳಲಾರದೆ ಎರಡೂ ಬದಿಗೆ ಉಬ್ಬಿಕೊಂಡಿತ್ತು. ಮೇಲೆ ಮತ್ತೆ ಮಣ್ಣು ಹಾಕಿಸಿದೆವು. ಭಾರ ಹೆಚ್ಚಿತು, ಕುಸಿತವೂ ಹೆಚ್ಚಿತು. ಅದಕ್ಕಿಂತ ದೊಡ್ಡ ದೋಷ ಮಣ್ಣಿನಲ್ಲಿಯೇ ಇತ್ತು. ಗುಡ್ಡದ ಜಂಬಿಟ್ಟಿಗೆ ಮಣ್ಣಿನಲ್ಲಿ ಹರಳು ಹೆಚ್ಚು, ಅಂಟು ಕಡಿಮೆ. ನೀರು ಹರಳಿನ ಸಂದಿಯಲ್ಲಿ ಜಿನುಗಿ ನುಣುಪಾದ ಮಣ್ಣನ್ನು ಹೊತ್ತೊಯ್ಯುತ್ತದೆ, ಸಂದಿ ಕೊಳವೆಯಾಗುತ್ತದೆ, ಕೊಳವೆ ಸುರಂಗವಾಗುತ್ತದೆ. ಹಳೆಯ ಜೇಡಿ ಮತ್ತು ಹೊಸ ಕೆಂಪು ಮಣ್ಣು ಕೂಡಿದ ಗೆರೆಯನ್ನು ಏಡಿಗಳು ಬಹಳ ಬೇಗ ಪತ್ತೆ ಮಾಡಿದವು. ಜುಲೈನ ಅಮಾವಾಸ್ಯೆಗೆ ನದಿಯಲ್ಲಿ ನೆರೆಯಿತ್ತು, ಕಡಲಿನಲ್ಲಿ ದೊಡ್ಡ ಭರತವಿತ್ತು. ಬೆಳಗಾಗುವಷ್ಟರಲ್ಲಿ ಕಂಡಿ ಮತ್ತೆ ತೆರೆದುಕೊಂಡಿತ್ತು. ಕೊಚ್ಚಿಬಂದ ಕೆಂಪು ಮಣ್ಣು ಒಳಗಿನ ಸುಮಾರು ಎರಡು ಎಕರೆಯ ಮೇಲೆ ಗಟ್ಟಿ ಹಪ್ಪಳದಂತೆ ಕುಳಿತಿತು, ಮತ್ತು ಅತ್ತ ಗುಡ್ಡದ ಮೇಲೆ ಹಸಿ ಗಾಯ ಉಳಿಯಿತು. ಹಣ ಹೋದದ್ದಕ್ಕಿಂತ ಆ ಎರಡನ್ನು ನೋಡುವುದೇ ನನಗೆ ಹೆಚ್ಚು ಕಷ್ಟವಾಗಿತ್ತು.

ಕೊಪ್ಪದ ಹಿರಿಯರು ಹೇಳಿದ್ದು

ಹಾಲಕ್ಕಿಗಳ ಕೇರಿಯಾದ ಕೊಪ್ಪದ ಹಿರಿಯ ಗೌಡರು ಎಳವೆಯಲ್ಲಿ ತಮ್ಮ ತಂದೆಯ ಜೊತೆ ಇದೇ ಕಟ್ಟೆಗೆ ಮಣ್ಣು ಹಾಕಿದವರು. ಆಗ ಆ ಕುಟುಂಬ ನಮ್ಮ ಮನೆಗೆ ಗೇಣಿ ಕೊಡುತ್ತಿತ್ತು. 1974ರ ಭೂಸುಧಾರಣೆಯ ನಂತರ ಅವರು ಉಳುತ್ತಿದ್ದ ಭಾಗ ಅವರದೇ ಆಯಿತು. ಮೊದಲ ಬೇಸಿಗೆಯಲ್ಲಿ ಅವರನ್ನು ನಾವು ಕೇಳಲೇ ಇಲ್ಲ. ಕೂಲಿಗೆ ಕರೆದಿದ್ದೆವು, ಸಲಹೆಗೆ ಕರೆದಿರಲಿಲ್ಲ. ಆ ತಪ್ಪನ್ನು ಒಪ್ಪಿಕೊಂಡು ನವೆಂಬರಿನಲ್ಲಿ ಅವರ ಅಂಗಳಕ್ಕೆ ಹೋಗಿ ಕುಳಿತೆವು.

ಅವರು ಮೊದಲು ಕೇಳಿದ್ದು ಕಂಡಿಯ ಅಗಲವನ್ನಲ್ಲ, ಆಳವನ್ನು. ಇಳಿತದ ಹೊತ್ತಿನಲ್ಲಿ ದೋಣಿಯಿಂದ ಬಿದಿರು ಇಳಿಸಿ ನೋಡಿದೆವು. ನುಗ್ಗಿದ ನೀರು ಕಂಡಿಯ ಬಾಯಲ್ಲಿ ಎರಡಾಳಿನಷ್ಟು ಆಳದ ಮಡುವನ್ನು ತೋಡಿತ್ತು. ‘ಇದರ ಮೇಲೆ ಕಟ್ಟಿದರೆ ಎಷ್ಟು ಮಣ್ಣು ಹಾಕಿದರೂ ಸಾಲದು, ಮಡುವನ್ನು ಅದರ ಪಾಡಿಗೆ ಬಿಟ್ಟು ಬಳಸಿಕೊಂಡು ಹೋಗಬೇಕು’ ಎಂದರು. ಅಂದರೆ ಹೊಸ ಕಟ್ಟೆಯು ಹಳೆಯ ಕಟ್ಟೆಯ ಒಂದು ತುದಿಯಿಂದ ಹೊರಟು, ಮಡುವಿನ ಒಳಮಗ್ಗುಲಿನಲ್ಲಿ ಕುದುರೆ ಲಾಳದಂತೆ ಬಾಗಿ, ಇನ್ನೊಂದು ತುದಿಯನ್ನು ಸೇರಬೇಕು. 14 ಮೀಟರಿನ ಜಾಗಕ್ಕೆ 31 ಮೀಟರ್ ಉದ್ದದ ಕಟ್ಟೆ, ಜೊತೆಗೆ ಗಜನಿಯ ಒಂದಿಷ್ಟು ಗುಂಟೆಯ ನಷ್ಟ. ಏಳು ಮನೆಯವರು ಎರಡು ಸಲ ಸೇರಿ ಚರ್ಚಿಸಿದ ಮೇಲೆ ಇದಕ್ಕೆ ಒಪ್ಪಿಗೆಯಾಯಿತು. ಈಗ ಹೇಳುವುದಾದರೆ, ಇಡೀ ಕೆಲಸದಲ್ಲಿ ನಾವು ತೆಗೆದುಕೊಂಡ ಅತ್ಯಂತ ಸರಿಯಾದ ತೀರ್ಮಾನ ಅದೇ.

ಕೂಲಿಯ ಜೊತೆ ಇನ್ನೊಂದು ಮಾತೂ ಅಂದೇ ಆಯಿತು. ಬೇಸಿಗೆಯಲ್ಲಿ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿ ಹಿಡಿಯುವ ಸಿಗಡಿಯ ಪಾಲು ಎಕರೆಯ ಲೆಕ್ಕದಲ್ಲಿ ಅಲ್ಲದೆ ಮನೆಯ ಲೆಕ್ಕದಲ್ಲಿ ಏಳು ಸಮಪಾಲಾಗಬೇಕು, ಮತ್ತು ಜಂತ್ರಡಿ ಕಾಯುವ ಹೊಣೆಯೂ ಅದರ ಸಂಬಳವೂ ಕೊಪ್ಪಕ್ಕೆ ಸೇರಬೇಕು ಎಂದು ಕಾಗದದಲ್ಲಿ ಬರೆದೆವು. ಹಾಲಕ್ಕಿಗಳ ಅರಿವನ್ನು ಹೊಗಳುವ ಸಭೆಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ನಡೆಯುತ್ತವೆ. ಅವರ ಅರಿವಿನಿಂದ ಹುಟ್ಟಿದ ಫಸಲಿನಲ್ಲಿ ಅವರಿಗೆ ಪಾಲಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಜಂತ್ರಡಿ

ಕಂಡಿಯನ್ನು ಮುಚ್ಚುವ ಮೊದಲು ಜಂತ್ರಡಿ ಸರಿಯಾಗಬೇಕೆಂದು ಗೌಡರು ಪಟ್ಟು ಹಿಡಿದರು. ಅದರ ಕಾರಣ ನನಗೆ ಕೆಲಸದ ಕೊನೆಯ ದಿನ ಅರ್ಥವಾಯಿತು, ಮುಂದೆ ಹೇಳುತ್ತೇನೆ.

ಹಳೆಯ ಹಲಗೆಗಳು ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿದ್ದವು. ಒಂದನ್ನು ಎತ್ತಿ ಕಟ್ಟೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಾಗ ಉಗುರು ಪೂರ್ತಿ ಒಳಹೋಯಿತು. ಕತ್ತಿಯಿಂದ ಸೀಳಿದರೆ ಒಳಗೆ ಪೆನ್ಸಿಲ್ ದಪ್ಪದ ಕೊಳವೆಗಳು ಒಂದರ ಪಕ್ಕ ಒಂದು, ಒಂದನ್ನೊಂದು ಮುಟ್ಟದೆ, ಮರದ ನಾರಿನ ಗುಂಟ ಸಾಗಿದ್ದವು; ಪ್ರತಿ ಕೊಳವೆಯ ಒಳಗೋಡೆಗೂ ಸುಣ್ಣ ಬಳಿದಂಥ ತೆಳುವಾದ ಬಿಳಿ ಪದರ. ಇದು ಕಡಲಿನ ಮರಕೊರಕದ ಕೆಲಸ. ಹುಳುವಿನಂತೆ ಕಂಡರೂ ಇದು ಎರಡು ಚಿಪ್ಪಿನ ಬಳಚಿನ ಜಾತಿಗೆ ಸೇರಿದ ಪ್ರಾಣಿ. ಮರಿಯಾಗಿದ್ದಾಗ ಸೂಜಿ ಮೊನೆಯಷ್ಟು ತೂತಿನಿಂದ ಹೊಕ್ಕು, ಒಳಗೇ ಬೆಳೆದು, ತನ್ನ ದಾರಿಗೆ ಸುಣ್ಣದ ಗಿಲಾವು ಮಾಡಿಕೊಳ್ಳುತ್ತದೆ. ಹೊರಗಿನ ತೂತು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಹಲಗೆಯನ್ನು ನೋಡಿ ನಂಬಬಾರದು, ಕೊಡಲಿಯ ಹಿಂಬದಿಯಿಂದ ಬಡಿದು ಸದ್ದು ಕೇಳಬೇಕು. ಟೊಳ್ಳು ಸದ್ದು ಬಂದರೆ ತೆಗೆದುಬಿಡಬೇಕು.

ಹೊಸದಕ್ಕೆ ಬೋಗಿ ಮರದ ಹಲಗೆ ಹಾಕಿಸಿದೆವು. ನೀರಿನಲ್ಲಿ ಅದರಷ್ಟು ಬಾಳುವ ಮರ ನಮ್ಮಲ್ಲಿ ಕಡಿಮೆ, ಬೆಲೆಯೂ ಹಾಗೆಯೇ ಇದೆ. ದೋಣಿಗಳಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮೂರು ಕೈ ಬಳಿದು, ಪ್ರತಿ ಸಲವೂ ನೆರಳಿನಲ್ಲಿ ಒಣಗಿಸಿದೆವು. ಈ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಆದ್ದರಿಂದ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಬಟ್ಟೆ ಸುತ್ತಿಕೊಂಡೇ ಮುಟ್ಟಬೇಕು. ಕಲ್ಲಿನ ಕಂಬಗಳಲ್ಲಿ ಹಲಗೆ ಇಳಿಸುವ ಸೀಳುಗಳು ಎರಡು ಸಾಲು ಇರುತ್ತವೆ. ಎರಡೂ ಸಾಲಿಗೆ ಹಲಗೆ ಇಳಿಸಿ ನಡುವೆ ಜೇಡಿ ತುಂಬಿ ತುಳಿದರೆ ಮಾತ್ರ ನೀರು ಪೂರ್ತಿ ನಿಲ್ಲುತ್ತದೆ. ಒಂದೇ ಸಾಲು ದಿನನಿತ್ಯದ ಏರಿಳಿತಕ್ಕೆ ಸಾಕು.

ಜೇಡಿಯ ಕೆಲಸ

ಡಿಸೆಂಬರಿನ ಮಧ್ಯದಿಂದ ಫೆಬ್ರವರಿಯ ಕೊನೆಯವರೆಗೆ ಪ್ರತಿ ಅಷ್ಟಮಿಯ ಆಸುಪಾಸಿನ ಐದು ದಿನಗಳನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಂಡೆವು. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಹಿಂದುಮುಂದು ಭರತ ಮತ್ತು ಇಳಿತಗಳ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್ ಇದ್ದರೆ, ಅಷ್ಟಮಿ ನವಮಿಗಳಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಅಂತರ ಕಡಿಮೆಯಾದಷ್ಟೂ ಕಂಡಿಯಲ್ಲಿ ನೀರಿನ ಓಟ ಕಡಿಮೆ. ಹನ್ನೆರಡು ಜನರ ತಂಡ, ಅವರಲ್ಲಿ ಏಳು ಮಂದಿ ಕೊಪ್ಪದ ಹೆಂಗಸರು. ಕೆಲಸ ಹಿಡಿದ ಮೊದಲ ಬೆಳಿಗ್ಗೆ ಕಟ್ಟೆಯ ಮೇಲಿನ ಜಟಗ ದೈವದ ಕಲ್ಲಿಗೆ ಕಾಯಿ ಒಡೆದು ಹೂವು ಇಟ್ಟೆವು. ಎಷ್ಟೋ ವರ್ಷಗಳಿಂದ ಆ ಕಲ್ಲಿನ ಸುತ್ತ ಮುಳ್ಳುಗಿಡ ಬೆಳೆದಿತ್ತು, ಅದನ್ನು ಸವರುವುದೇ ಅಂದಿನ ಮೊದಲ ಕೆಲಸವಾಯಿತು.

ಗೂಟಗಳಿಗೆ ಗಾಳಿಮರ ತಂದೆವು. ಹಿಂದೆ ಕಾಂಡ್ಲದ ಗೂಟಗಳನ್ನೇ ಬಳಸುತ್ತಿದ್ದರಂತೆ, ಈಗ ಕಾಂಡ್ಲ ಕಡಿಯುವುದಕ್ಕೆ ಕಾನೂನಿನ ನಿಷೇಧವಿದೆ, ಮತ್ತು ನಿಷೇಧವಿಲ್ಲದಿದ್ದರೂ ಕಡಿಯಬಾರದು. ಹೊಸ ಕಟ್ಟೆಯ ಹೊರಗೆರೆಯ ಗುಂಟ ಎರಡು ಸಾಲು ಗೂಟ ಹೊಡೆದು, ತೆಂಗಿನ ಮಡಲುಗಳನ್ನು ಅಡ್ಡಡ್ಡ ಹೆಣೆದು ತಡಿಕೆ ಮಾಡಿದೆವು. ಅದರ ಹಿಂದೆ ನಿಂತು ಕೆಲಸ ಮಾಡುವಾಗ ಸಣ್ಣ ಅಲೆ ಒಳಗೆ ಬರುವುದಿಲ್ಲ.

ನಂತರ ಬುನಾದಿ. ಕಟ್ಟೆಯ ನಡುಗೆರೆಯ ಗುಂಟ ಮೊಳದಷ್ಟು ಆಳ, ಎರಡು ಮೊಳ ಅಗಲದ ಕಾಲುವೆ ತೋಡಿ, ಅದರಲ್ಲಿದ್ದ ಬೇರು, ಹುಲ್ಲು, ಬಳಚಿನ ಚಿಪ್ಪು ಎಲ್ಲವನ್ನೂ ಕೈಯಿಂದ ಆರಿಸಿ ತೆಗೆದೆವು. ಚಿಪ್ಪಿನ ಒಂದು ತೆಳು ಪದರ ಉಳಿದರೂ ಅದು ನೀರಿಗೆ ದಾರಿಯಾಗುತ್ತದೆ. ಈ ಕಾಲುವೆಯಲ್ಲಿ ಹದಗೊಳಿಸಿದ ಜೇಡಿಯನ್ನು ತುಂಬಿ ಕಾಲಿನಿಂದ ತುಳಿದರೆ ಹೊಸ ಕಟ್ಟೆ ನೆಲಕ್ಕೆ ಹಲ್ಲು ಕಚ್ಚಿಕೊಂಡಂತೆ ನಿಲ್ಲುತ್ತದೆ. ಹಿಂದಿನ ವರ್ಷ ನಾವು ಮಾಡದೇ ಬಿಟ್ಟದ್ದು ಇದನ್ನೇ. ಹಳೆಯ ಕಟ್ಟೆಯ ಎರಡೂ ತುದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒದ್ದೆ ಮಾಡಿ, ಆಮೇಲೆ ಹೊಸ ಜೇಡಿಯನ್ನು ಕೂಡಿಸಿದೆವು.

ಜೇಡಿಯನ್ನು ಗಜನಿಯ ಒಳಗಿನಿಂದಲೇ ತೆಗೆದೆವು, ಆದರೆ ಕಟ್ಟೆಯ ಬುಡದಿಂದ ಮೂರು ಮಾರು ದೂರ ಬಿಟ್ಟು. ಬುಡದಲ್ಲಿಯೇ ತೋಡಿದರೆ ಕಟ್ಟೆ ಆ ಗುಂಡಿಗೆ ಜಾರುತ್ತದೆ. ಉದ್ದಕ್ಕೆ ತೋಡಿದ ಆ ಜಾಗ ಈಗ ಒಳಗಾಲುವೆಯಾಗಿದೆ. ಮಳೆಗಾಲದಲ್ಲಿ ನೀರು ಬಸಿಯುವುದಕ್ಕೂ ಬೇಸಿಗೆಯ ಬಿಸಿಲಿಗೆ ಸಿಗಡಿ ಇಳಿದು ತಂಪಾಗಿರುವುದಕ್ಕೂ ಅದೇ ಜಾಗ. ಮಣ್ಣನ್ನು ಪರೀಕ್ಷಿಸುವ ಬಗೆ ಸರಳ. ಹಿಡಿಯಷ್ಟು ಜೇಡಿಯನ್ನು ಅಂಗೈಗಳ ನಡುವೆ ಹೊಸೆದು ಕಿರುಬೆರಳಿನ ದಪ್ಪದ ಬತ್ತಿ ಮಾಡಬೇಕು, ಅದನ್ನು ಬಳೆಯಂತೆ ಬಾಗಿಸಬೇಕು. ಬಿರುಕು ಬಿಡದಿದ್ದರೆ ಕಟ್ಟೆಗೆ, ಬಿಟ್ಟರೆ ಗದ್ದೆಯ ದಿಣ್ಣೆಗೆ.

ಹಾರೆಯಿಂದ ಇಟ್ಟಿಗೆಯಂತೆ ಕಡಿದ ಹೆಂಟೆಗಳು ಕೈಯಿಂದ ಕೈಗೆ ಸಾಗಿ ಬರುತ್ತಿದ್ದವು. ಕಟ್ಟೆಯ ಮೇಲೆ ನಿಂತವರು ಅವನ್ನು ಸಂದಿಯ ಮೇಲೆ ಸಂದಿ ಬಾರದಂತೆ ಇಟ್ಟು, ಹಿಮ್ಮಡಿಯಿಂದ ತುಳಿದು ಒಂದಾಗಿಸುತ್ತಿದ್ದರು. ಒಂದು ಸಲಕ್ಕೆ ಗೇಣಿಗಿಂತ ಹೆಚ್ಚು ಏರಿಸುವಂತಿಲ್ಲ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಕಾಣುವವರೆಗೆ ಆರಲು ಬಿಟ್ಟು, ನೀರು ಚಿಮುಕಿಸಿ, ಮುಂದಿನ ಪದರ. ನನಗೆ ಇದು ವಿಪರೀತ ನಿಧಾನವೆನಿಸಿ ಜನವರಿಯಲ್ಲಿ ಒಂದು ದಿನ ಎರಡು ಗೇಣು ಏರಿಸೋಣವೆಂದೆ. ತುಳಿಯುತ್ತಿದ್ದ ಅಜ್ಜಿಯೊಬ್ಬರು ಕೆಳಗಿಳಿದು, ಹಿಂದಿನ ದಿನದ ಪದರದ ಮಗ್ಗುಲಿಗೆ ನನ್ನ ಅಂಗೈಯನ್ನು ಒತ್ತಿ ಹಿಡಿದರು. ಮೇಲಿನಿಂದ ಆರಿದಂತಿದ್ದ ಜೇಡಿಯ ಒಡಲು ಇನ್ನೂ ತಣ್ಣಗೆ, ಮೊಸರಿನಂತೆ ಅದುರುತ್ತಿತ್ತು. ಮೇಲೆ ಭಾರ ಹೇರುವ ಮುನ್ನ ಒಳಗಿನ ನೀರು ಹೊರಬರಬೇಕು, ಆಗ ಮಾತ್ರ ಅದು ಭಾರ ಹೊರುತ್ತದೆ. ನಾನು ಮತ್ತೆ ಆ ಮಾತನ್ನು ಎತ್ತಲಿಲ್ಲ.

ಕಟ್ಟೆಯ ನೆತ್ತಿಯ ಅಗಲ 1.2 ಮೀಟರ್, ಎತ್ತರ 1.8 ಮೀಟರ್. ಹೊರಮಗ್ಗುಲು ಒಂದಕ್ಕೆ ಎರಡರಂತೆ ಇಳಿಜಾರು, ಒಳಮಗ್ಗುಲು ಒಂದಕ್ಕೆ ಒಂದೂವರೆ. ಈ ಅಳತೆಗೆ ಸುಮಾರು 240 ಘನ ಮೀಟರ್ ಜೇಡಿ ಬೇಕಾಯಿತು. ಕುಸಿಯುವುದನ್ನು ಲೆಕ್ಕ ಹಿಡಿದು ಕಾಲುಭಾಗ ಹೆಚ್ಚು ಎತ್ತರ ಕೊಡಬೇಕೆಂದು ಗೌಡರು ಹೇಳಿದ್ದರು. ಅದನ್ನು ಮಾರ್ಚ್ ಏಪ್ರಿಲ್‌ಗಳಲ್ಲಿ ನಿಧಾನವಾಗಿ ಏರಿಸಿದೆವು.

ಬಾಯಿ ಕಟ್ಟಿದ ದಿನ

ಲಾಳದ ನಡುವೆ ಎರಡು ಮೀಟರಿನ ಬಾಯನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಂಡಿದ್ದೆವು. ಕಟ್ಟೆ ಎರಡೂ ಕಡೆಯಿಂದ ಕೂಡಿಬಂದಂತೆ ಅದೇ ನೀರು ಕಿರಿದಾದ ಬಾಯಲ್ಲಿ ನುಗ್ಗುವುದರಿಂದ ಓಟ ಹೆಚ್ಚುತ್ತದೆ, ಕೊನೆಯ ಎರಡು ಮೀಟರ್ ಮೊದಲಿನ ಇಪ್ಪತ್ತೊಂಬತ್ತಕ್ಕಿಂತ ಕಠಿಣ. ಜಂತ್ರಡಿಯನ್ನು ಮೊದಲು ಸರಿಪಡಿಸಿದ್ದು ಈ ದಿನಕ್ಕಾಗಿ. ಅದರ ಹಲಗೆಗಳನ್ನೆಲ್ಲ ಮೇಲೆತ್ತಿ ಇಟ್ಟರೆ ಗಜನಿಯ ನೀರು ಅತ್ತ ಕಡೆಯಿಂದ ಇಳಿಯುತ್ತದೆ, ಒಳಗಿನ ಮಟ್ಟ ಹೊರಗಿನ ಮಟ್ಟಕ್ಕೆ ಸರಿಸಮ ಬರುತ್ತದೆ, ಬಾಯಲ್ಲಿ ನೀರು ಹೆಚ್ಚುಕಡಿಮೆ ನಿಂತುಬಿಡುತ್ತದೆ.

ಫೆಬ್ರವರಿಯ ಕೊನೆಯ ನವಮಿಯಂದು ಇಳಿತ ಅರ್ಧವಾದಾಗ ಕೆಲಸ ಹಿಡಿದೆವು. ಬಾಯ ಎರಡೂ ಬದಿಗೆ ಹಿಂದಿನ ಎರಡು ದಿನಗಳಲ್ಲಿ ಕಡಿದಿಟ್ಟ ಹೆಂಟೆಗಳು ಒದ್ದೆ ಗೋಣಿಯ ಕೆಳಗೆ ಸಿದ್ಧವಾಗಿದ್ದವು. ಎರಡು ಸಾಲು ತಡಿಕೆ ಇಳಿಸಿ ನಡುವೆ ಎಲ್ಲಿಯೂ ನಿಲ್ಲದೆ ತುಂಬಿ ತುಳಿದೆವು. ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ. ಭರತ ತಿರುಗುವ ಹೊತ್ತಿಗೆ ಜೇಡಿ ನೀರಿಗಿಂತ ಮೊಳದಷ್ಟು ಮೇಲಿತ್ತು. ಜಂತ್ರಡಿಯ ಹಲಗೆಗಳನ್ನು ಒಂದೊಂದಾಗಿ ಇಳಿಸಿದೆವು. ಆ ಸಂಜೆ ಹೊರಗೆ ನದಿ ಏರುತ್ತಿರುವಾಗ ಒಳಗೆ ಗಜನಿಯ ಕೆಸರು ಹಾಗೆಯೇ ಮಿನುಗುತ್ತಿರುವುದನ್ನು ಎಷ್ಟೋ ವರ್ಷಗಳ ನಂತರ ಕಂಡೆವು. ಗೌಡರು ಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕುಳಿತಿದ್ದರು.

ಕಾಂಡ್ಲ ಮತ್ತು ಗುಡ್ಡದ ಗಾಯ

ಕಟ್ಟೆಯ ಹೊರಗೆ ಕಾಂಡ್ಲ ಬೆಳೆಯದಿದ್ದರೆ ಅಲೆಗಳು ಹೊಸ ಜೇಡಿಯನ್ನೂ ತಿನ್ನುತ್ತವೆ. ಮೊದಲನೆಯ ಸಲ 300 ಕೋಡುಗಳನ್ನು (ಕಾಂಡ್ಲದ ಉದ್ದನೆಯ ಮೊಳಕೆಬೀಜಗಳನ್ನು) ನಾನು ಇಳಿತದಲ್ಲಿ ತೆರೆದುಕೊಳ್ಳುವ ಕೆಸರಿನ ಬಯಲಿನಲ್ಲಿ ನೇರವಾದ ಸಾಲುಗಳಲ್ಲಿ ನೆಟ್ಟೆ. ಆ ಜಾಗ ದಿನದ ಬಹುಪಾಲು ನೀರಿನಡಿಯಲ್ಲಿಯೇ ಇರುತ್ತದೆ. ಎಳೆಯ ಕಾಂಡಗಳಿಗೆ ಸುಣ್ಣದ ಗುಳ್ಳೆಯಂಥ ಬಾರ್ನಕಲ್ ಅಂಟಿ ಭಾರಕ್ಕೆ ಬಾಗಿದವು, ಉಳಿದದ್ದು ನಲವತ್ತು ಕೂಡ ಇಲ್ಲ. ನದಿಯೇ ತೇಲಿಸಿ ತಂದ ಕೋಡುಗಳು ಎಲ್ಲಿ ತಾವಾಗಿಯೇ ಬೇರು ಬಿಟ್ಟಿವೆ ಎಂದು ನೋಡಿ ಆ ಮಟ್ಟದಲ್ಲಿಯೇ ನೆಡಬೇಕೆಂದು ಕೊಪ್ಪದ ಹೆಂಗಸರು ತೋರಿಸಿಕೊಟ್ಟರು. ಅದು ಕಟ್ಟೆಯ ಬುಡದಿಂದ ಹೆಚ್ಚೆಂದರೆ ಎಂಟು ಹತ್ತು ಮೀಟರ್ ಅಗಲದ ಪಟ್ಟಿ. ಮಳೆಗಾಲದಲ್ಲಿ ಮರದಿಂದ ಕಳಚಿಬಿದ್ದ ಮಾಗಿದ ಕೋಡುಗಳನ್ನು ಆರಿಸಿ, ಮೂರನೆಯ ಒಂದು ಭಾಗ ಕೆಸರಿಗೆ ಇಳಿಯುವಂತೆ, ಮಾರಿಗೊಂದರಂತೆ ನೆಟ್ಟೆವು. ಅವುಗಳ ನಡುವೆ ಕಾಂಡ್ಲದ ಇನ್ನೊಂದು ಜಾತಿಯಾದ ಉಪ್ಪಟಿಯ ಬೀಜ ತಾನಾಗಿಯೇ ಬಂದು ಮೊಳೆಯುತ್ತಿದೆ. ದನಗಳಿಗೆ ಉಪ್ಪಟಿಯ ಎಲೆ ಬಲು ಇಷ್ಟ, ಆದ್ದರಿಂದ ಒಂದು ಬದಿಗೆ ಬೇಲಿ ಹಾಕಬೇಕಾಯಿತು.

ಗುಡ್ಡದ ಕೆಲಸ ಇನ್ನೂ ನಡೆಯುತ್ತಿದೆ. ಕಡಿದ ಮಗ್ಗುಲಿಗೆ ಅಡ್ಡಲಾಗಿ ಇಂಗುಗುಂಡಿಗಳನ್ನು ತೋಡಿ, ಗದ್ದೆಯಿಂದ ಕೆತ್ತಿ ತೆಗೆದ ಅದೇ ಕೆಂಪು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮತ್ತೆ ಅಲ್ಲಿಗೆ ಹಾಕಿದೆವು. ಮುರುಗಲು, ಹೊನ್ನೆ, ಮತ್ತಿ, ಕಾಡುಮಾವುಗಳ ಬೀಜಕ್ಕೆ ಸುತ್ತಲಿನ ಕಾಡಿನ ತಾಯಿಮರಗಳನ್ನೇ ಹುಡುಕಿದೆವು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಕುಟುಂಬದ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ದಶಕಗಳ ಕಾಲ ದುಡಿದು, ಯಾವ ತಾಯಿಮರದ ಬೀಜವನ್ನು ಯಾವ ಹೊತ್ತಿನಲ್ಲಿ ಆರಿಸಬೇಕೆಂಬ ಅರಿವಿಗಾಗಿಯೇ ಹೆಸರಾದವರು. 2020ರ ಪದ್ಮಶ್ರೀ ಅವರಿಗೆ ಸಂದಿತು, 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯರು ಕೈಯಾರೆ ತೋರಿಸಿದ ಮಾದರಿ ನಮ್ಮ ಮುಂದಿತ್ತು. ನೆಟ್ಟವುಗಳಲ್ಲಿ ಮುರುಗಲು ಚೆನ್ನಾಗಿ ಹಿಡಿದಿದೆ, ಹೊನ್ನೆ ನಿಧಾನವಾಗಿದೆ.

ನೆಲದ ಹುಳಿ, ಕಗ್ಗದ ಬಿತ್ತನೆ

ನಾವು ಎಣಿಸದಿದ್ದ ತೊಂದರೆ ಮೇ ತಿಂಗಳಲ್ಲಿ ಕಾಣಿಸಿತು. ಕಟ್ಟೆಯ ಮೇಲೆ ಭಾರ ಬೀಳದಿರಲೆಂದು ಮೂರು ತಿಂಗಳು ಗಜನಿಗೆ ನೀರು ಬಿಟ್ಟಿರಲಿಲ್ಲ. ನೆಲ ಅಂಗೈ ಅಗಲ ಬಿರಿಯಿತು, ಬಿರುಕಿನ ಅಂಚಿನಲ್ಲಿ ತುಕ್ಕಿನ ಬಣ್ಣದ ಹುಡಿ ಮೂಡಿತು. ಮೊದಲ ಮಳೆಯ ನೀರು ನಿಂತಾಗ ಅದರ ಮೇಲೆ ಕೆಂಪು ಕೆನೆ ಕಟ್ಟಿ, ಒಳಗಾಲುವೆಯ ಏಡಿಗಳು ಸತ್ತು ತೇಲಿದವು. ‘ನೆಲ ಹುಳಿ ಹಿಡಿದಿದೆ’ ಎಂದರು ಗೌಡರು. ಅದು ಅಕ್ಷರಶಃ ನಿಜವಾಗಿತ್ತು. ಕಾಂಡ್ಲ ಬೆಳೆದಿದ್ದ ಹಳೆಯ ಜೇಡಿಯಲ್ಲಿ ಕಬ್ಬಿಣ ಮತ್ತು ಗಂಧಕ ಕೂಡಿಕೊಂಡಿರುತ್ತವೆ. ನೀರಿನಡಿಯಲ್ಲಿ ಇರುವಷ್ಟು ಕಾಲ ಅದು ಸುಮ್ಮನಿರುತ್ತದೆ, ಒಣಗಿ ಗಾಳಿ ತಾಗಿದರೆ ಗಂಧಕಾಮ್ಲವಾಗುತ್ತದೆ. ಪರೀಕ್ಷೆಯ ಕಾಗದ ಅದ್ದಿದಾಗ ನೀರಿನ ರಸಸಾರ (pH) 4ರ ಹತ್ತಿರವಿತ್ತು. ಬೇಸಿಗೆಯಿಡೀ ಗಜನಿಯನ್ನು ಒಣಗಿಸಬಾರದೆಂಬ ಹಿಂದಿನವರ ಕಟ್ಟಳೆಯ ಕಾರಣ ಇದೇ ಎಂದು ನನಗೆ ಆಗ ಹೊಳೆಯಿತು. ಮೊದಲ ಎರಡು ವಾರಗಳ ಮಳೆನೀರನ್ನು ತುಂಬಿಸುವುದು, ಇಳಿತದಲ್ಲಿ ಜಂತ್ರಡಿ ತೆರೆದು ಪೂರ್ತಿ ಬಸಿಯುವುದು, ಹೀಗೆ ಆರು ಸಲ ತೊಳೆದ ಮೇಲೆ ನೀರು ತಿಳಿಯಾಯಿತು. ಈ ವರ್ಷದಿಂದ ಮಾರ್ಚ್‌ನಲ್ಲಿಯೇ ಭರತದ ನೀರನ್ನು ಒಳಬಿಡುತ್ತಿದ್ದೇವೆ.

ಕಗ್ಗದ ಬೀಜ ಮಾಣಿಕಟ್ಟಾದ ಬೇಸಾಯಗಾರರಿಂದ ಬಂತು. ಅಲ್ಲಿ ಈ ಭತ್ತವನ್ನು ಬಿಡದೆ ಉಳಿಸಿಕೊಂಡಿದ್ದಾರೆ, ಅವರಿಲ್ಲದಿದ್ದರೆ ಕಟ್ಟೆ ನಿಂತರೂ ಬಿತ್ತಲು ನಮ್ಮಲ್ಲಿ ಏನೂ ಇರುತ್ತಿರಲಿಲ್ಲ. ಬೀಜವನ್ನು ನೆನೆಸಿ, ಮೊಳಕೆ ಬರಿಸಿ, ಜೂನ್ ಮೂರನೆಯ ವಾರ ಬಸಿದ ಕೆಸರಿನ ಮೇಲೆ ಎರಚಿದೆವು. ಜುಲೈ ಕೊನೆಯಲ್ಲಿ ನೆರೆ ಬಂದು ಪೈರು ನಾಲ್ಕು ದಿನ ನೀರಿನಡಿಯಲ್ಲಿತ್ತು. ನೀರಿಳಿದಾಗ ಎಲೆಗಳಿಗೆಲ್ಲ ಕೆಸರು ಮೆತ್ತಿಕೊಂಡು ಪೈರು ನೆಲಕ್ಕೆ ಒರಗಿತ್ತು. ಒಂದು ವಾರದಲ್ಲಿ ಅದು ಎದ್ದು ನಿಂತಿತು. ನವರಾತ್ರಿಗೆ ಕೊಪ್ಪದ ಮನೆಗಳ ಬಾಗಿಲಿಗೂ ನಮ್ಮ ಬಾಗಿಲಿಗೂ ಇದೇ ಗಜನಿಯ ಕದಿರು ಕಟ್ಟಿದೆವು. ಅಕ್ಟೋಬರ್ ಕೊನೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ತೆನೆ ಕೊಯ್ದು ದೋಣಿಗೆ ತುಂಬಿದೆವು. ಎಕರೆಗೆ ಸರಾಸರಿ ನಾಲ್ಕು ಕ್ವಿಂಟಾಲ್ ಬಂತು. ಕೆಂಪು ಮಣ್ಣು ಕುಳಿತಿದ್ದ ಎರಡು ಎಕರೆಯಲ್ಲಿ ಹೆಚ್ಚುಕಡಿಮೆ ಏನೂ ಬರಲಿಲ್ಲ; ಆ ಹಪ್ಪಳವನ್ನು ಪೂರ್ತಿ ತೆಗೆಯಲು ಇನ್ನೂ ಒಂದು ಬೇಸಿಗೆ ಬೇಕು.

ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶಕ್ಕೆ 2024ರಲ್ಲಿ ರಾಮ್‌ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮಾನ್ಯತೆ, ಸಿಕ್ಕಿದೆ. ಆ ಮಾನ್ಯತೆಯ ಸುದ್ದಿಯಲ್ಲಿ ಹಕ್ಕಿಗಳೂ ಬಳಚುಗಳೂ ಬಂದಷ್ಟು ಕಟ್ಟೆಗಳ ಮಾತು ಬರಲಿಲ್ಲ. ಕೊಯ್ದ ಕಗ್ಗದ ದಂಟು ಕೊಳೆಯುತ್ತಿರುವ ನಮ್ಮ ನೀರಿಗೆ ಡಿಸೆಂಬರಿನಲ್ಲಿ ಬಾತುಗಳು ಇಳಿದವು, ಜನವರಿಯ ಹುಣ್ಣಿಮೆಯ ರಾತ್ರಿ ಜಂತ್ರಡಿಗೆ ಮೊದಲ ಬಲೆ ಕಟ್ಟಿದೆವು. ಸಿಕ್ಕ ಸಿಗಡಿಯನ್ನು ಕಟ್ಟೆಯ ಮೇಲೆಯೇ ಏಳು ರಾಶಿ ಹಾಕಿ ಹಂಚಿಕೊಂಡೆವು.

ಜಂತ್ರಡಿ ಕಾಯುವ ಹುಡುಗ ಈಗ ಪ್ರತಿ ಇಳಿತದಲ್ಲಿ ಕಟ್ಟೆಯ ಒಳಬುಡದಲ್ಲಿ ನಡೆದು, ಜಿನುಗುವ ನೀರು ತಿಳಿಯಾಗಿದೆಯೇ ಕದಡಿದೆಯೇ ಎಂದು ನೋಡುತ್ತಾನೆ. ತಿಳಿಯಾಗಿದ್ದರೆ ಚಿಂತೆಯಿಲ್ಲ, ಕದಡಿದ್ದರೆ ಮಣ್ಣು ಹೊರಡುತ್ತಿದೆ ಎಂದರ್ಥ. ಕಳೆದ ವಾರ ಲಾಳದ ತಿರುವಿನಲ್ಲಿ ಮೂರು ಏಡಿ ಬಿಲಗಳಿಂದ ಕದಡಿದ ನೀರು ಬರುತ್ತಿತ್ತು. ಬಿಲವನ್ನು ಒಳಗಿನಿಂದ ಮುಚ್ಚಿದರೆ ನೀರು ಇನ್ನೊಂದು ದಾರಿ ಹುಡುಕುತ್ತದೆ, ಹೊರಬಾಯಿಯಿಂದಲೇ ಜೇಡಿ ಗಿಡಿಯಬೇಕು. ಎರಡನ್ನು ಮುಚ್ಚಿದ್ದೇವೆ. ಮೂರನೆಯದರ ಹೊರಬಾಯಿ ಕಾಂಡ್ಲದ ಬೇರುಗಳ ನಡುವೆ ಎಲ್ಲಿಯೋ ಇದೆ. ಬರುವ ಅಷ್ಟಮಿಯ ಇಳಿತದಲ್ಲಿ ಅದನ್ನು ಹುಡುಕಬೇಕು.